ಕೊನೆ ಗೊತ್ತಿದ್ದೂ ಮತ್ತೆ ಓದಬೇಕು ಅನ್ನಿಸುವ ಮೂರು ಭಾಗದ ಫ್ಯಾಂಟಸಿ ಯಾವುದು?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ನಾವೆಲ್ಲ ಓದುತ್ತಿದ್ದ ಮೂರು ಭಾಗದ ಫ್ಯಾಂಟಸಿ ಕಾದಂಬರಿಗಳಿವೆ ಅಲ್ವಾ, ಅದರಲ್ಲಿ ದೊಡ್ಡವರಾದ ಮೇಲೂ ಕೈಯಲ್ಲಿ ನಿಲ್ಲುವುದು ಯಾವುದು? ಅಕ್ಕನ ಮಗಳಿಗೆ ಈಗ ಹದಿಮೂರು. "ಚಿಕ್ಕಮ್ಮ, ನೀನು ನನ್ನ ವಯಸ್ಸಲ್ಲಿ ಏನು ಓದ್ತಿದ್ದೆ" ಅಂತ ಕೇಳಿದಳು. ಅವಳಿಗೆ ಕೊಡುವ ಮುಂಚೆ ನಾನೇ ಒಮ್ಮೆ ನೋಡೋಣ ಅಂತ ಹಳೇ ಟ್ರಂಕಿನಿಂದ ಒಂದು ಸರಣಿ ತೆಗೆದೆ. ಐವತ್ತು ಪುಟಕ್ಕೇ ಬಿಟ್ಟೆ. ಮುಂದೇನು ಅನ್ನುವ ಕುತೂಹಲ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಆಮೇಲೆ ಫಿಲಿಪ್ ಪುಲ್‌ಮನ್ ಅವರ 'ಹಿಸ್ ಡಾರ್ಕ್ ಮೆಟೀರಿಯಲ್ಸ್' ಹಿಡಿದೆ. ಇಲ್ಲಿ ನನ್ನದೊಂದು ಕಥೆ ಇದೆ. ಕೊನೆ ಗೊತ್ತಾಗಬಾರದು ಅನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಶಾಲೆಯಲ್ಲಿದ್ದಾಗ ಇದರ ಮೂರನೇ ಭಾಗವನ್ನು ಒಂದು ಬಾಡಿಗೆ ಲೈಬ್ರರಿಯಿಂದ ತಂದಿದ್ದೆ. ಬೈಂಡಿಂಗ್ ಬಿಟ್ಟುಹೋಗಿ ಕೊನೆಯ ಕೆಲವು ಅಧ್ಯಾಯಗಳೇ ಇರಲಿಲ್ಲ. ಕಥೆಯ ಹುಡುಗಿ ಲೈರಾ ಮತ್ತು ಬೇರೊಂದು ಲೋಕದ ಹುಡುಗ ವಿಲ್ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಅಲ್ಲಿಗೆ ಪುಟ ಮುಗಿದಿತ್ತು. ಕಥೆಯೂ ಅಷ್ಟೇ ಅಂದುಕೊಂಡೆ. ಇಪ್ಪತ್ತು ವರ್ಷ ಅವರಿಬ್ಬರೂ ನನ್ನ ಮನಸ್ಸಿನಲ್ಲಿ ಒಟ್ಟಿಗೇ ಇದ್ದರು. ಹೋದ ತಿಂಗಳು ಮುಂಬೈಯ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಮೂರೂ ಭಾಗ ಸಿಕ್ಕವು. ಆಫೀಸಿಂದ ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾಲ್ಕನೇ ಸೀಟಿನ ತುದಿಯಲ್ಲಿ ಕೂತು ಓದುತ್ತಿದ್ದೆ, ಠಾಣೆ ದಾಟಿದ ಮೇಲೆ ಗೊತ್ತಾಯಿತು, ಇಬ್ಬರೂ ಬೇರೆ ಬೇರೆ ಲೋಕಕ್ಕೆ ವಾಪಸ್ ಹೋಗಲೇಬೇಕು, ಮತ್ತೆ ಯಾವತ್ತೂ ಭೇಟಿಯಿಲ್ಲ. ಆಕ್ಸ್‌ಫರ್ಡಿನ ಬೊಟಾನಿಕಲ್ ಗಾರ್ಡನ್ನಿನ ಒಂದು ಬೆಂಚು ಇಬ್ಬರ ಲೋಕದಲ್ಲೂ ಇದೆ. ವರ್ಷಕ್ಕೊಮ್ಮೆ ನಡು ಬೇಸಿಗೆಯ ದಿನ ನಡು ಮಧ್ಯಾಹ್ನ ಒಂದು ಗಂಟೆ ಹೊತ್ತು ಅಲ್ಲಿ ಕೂರೋಣ, ಅವಳು ಅವಳ ಲೋಕದಲ್ಲಿ, ಅವನು ಅವನ ಲೋಕದಲ್ಲಿ, ಅಂತ ಮಾತಾಡಿಕೊಳ್ಳುತ್ತಾರೆ. ನಾನು ಅತ್ತೆ. ಎದುರು ಕೂತ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು.

ಮನೆಗೆ ಬಂದು ಎರಡನೇ ಭಾಗ ಮತ್ತೆ ತೆರೆದೆ. ಲೋಕದಿಂದ ಲೋಕಕ್ಕೆ ಕಿಟಕಿ ಕೊರೆಯುವ ಆ ಚಾಕು ವಿಲ್ ಕೈಗೆ ಬರುವುದು ಅಲ್ಲೇ. ಆ ಕಿಟಕಿಗಳನ್ನು ಮುಚ್ಚಲೇಬೇಕು ಅಂತ ಆಗುವುದರಿಂದಲೇ ಇಬ್ಬರೂ ದೂರವಾಗುವುದು. ಕಾರಣ ಅಷ್ಟು ಮುಂಚೆಯೇ ಅವನ ಕೈಯಲ್ಲಿತ್ತು, ಕೊನೆ ಗೊತ್ತಿಲ್ಲದ ನನಗೆ ಕಂಡಿರಲಿಲ್ಲ. ಇಂಥವು ಇನ್ನೂ ಬೇಕು. ನಿಮ್ಮದು ಯಾವುದು?

ಮಾಟುಂಗಾ ಪೂರ್ವ

ಅಕ್ಕಾ, ಓದಿ ಗಂಟಲು ಕಟ್ಟಿತು. ನಮ್ಮಪ್ಪ ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳ ಮುಂಬೈಗೆ ಬಂದರೆ ಅಭಿಮನ್ಯು ಕಾಳಗಕ್ಕೆ ತಪ್ಪದೆ ಹೋಗುತ್ತಿದ್ದರು. ಅವನು ಸಾಯುತ್ತಾನೆ ಅಂತ ಗೊತ್ತಿದ್ದೇ ಟಿಕೆಟ್ ತೆಗೆಯುತ್ತಿದ್ದರು. ಪುಸ್ತಕವೂ ಹಾಗಿರಬೇಕು.

ನನ್ನದು ಅರ್ಸುಲಾ ಲ ಗ್ವಿನ್ ಅವರ 'ಅರ್ಥ್‌ಸೀ'. ಮೊದಲ ಮೂರು ಭಾಗ 1968, 1971, 1972ರಲ್ಲಿ ಬಂದವು. ಹುಡುಗನಾಗಿದ್ದಾಗ ಮೊದಲನೆಯದನ್ನು ಎಷ್ಟು ಸಲ ಓದಿದ್ದೆನೋ. ಗೆಡ್ ಅನ್ನುವ ಹುಡುಗ ಜಂಬದಿಂದ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ, ಆಮೇಲೆ ಅದೇ ಅವನ ಬೆನ್ನು ಹತ್ತುತ್ತದೆ. ಎರಡನೆಯದು, 'ದಿ ಟೂಂಬ್ಸ್ ಆಫ್ ಅಟುವಾನ್', ಆಗ ಒಂಚೂರೂ ಹಿಡಿಸಲಿಲ್ಲ. ಗೆಡ್ ಬರುವುದೇ ಹೆಚ್ಚುಕಡಿಮೆ ಅರ್ಧ ಪುಸ್ತಕ ಕಳೆದ ಮೇಲೆ. ಅಲ್ಲಿವರೆಗೆ ನೆಲದಡಿಯ ಕತ್ತಲೆ, ಗೋರಿಗಳು, ಪೂಜಾರಿಣಿಯರು.

ನಲವತ್ತಾದ ಮೇಲೆ ಓದಿದಾಗ ಅದೇ ಮೂರರಲ್ಲೂ ದೊಡ್ಡದು ಅನ್ನಿಸಿತು. ಐದು ವರ್ಷದ ಟೆನಾರ್ ಅನ್ನುವ ಹುಡುಗಿಯನ್ನು ಹಳೇ ಪೂಜಾರಿಣಿಯ ಪುನರ್ಜನ್ಮ ಅಂತ ಮನೆಯಿಂದ ಕರೆದೊಯ್ಯುತ್ತಾರೆ. ಅವಳ ಹೆಸರನ್ನೂ ತೆಗೆದುಬಿಡುತ್ತಾರೆ. ಆಮೇಲೆ ಅವಳು ಅರ್ಹಾ, ಅಂದರೆ ತಿಂದುಹಾಕಲ್ಪಟ್ಟವಳು. ವರ್ಷಗಳ ಮೇಲೆ ಆ ಕತ್ತಲಲ್ಲಿ ಗೆಡ್ ಅವಳನ್ನು ಟೆನಾರ್ ಅಂತ ಕರೆಯುತ್ತಾನೆ. ಅಷ್ಟೇ. ನನ್ನ ಅಮ್ಮನಿಗೆ ಮದುವೆಯಲ್ಲಿ ಹೆಸರು ಬದಲಾಯಿಸಿದ್ದರು, ಅಕ್ಕಿ ಹರಡಿದ ಹರಿವಾಣದಲ್ಲಿ ಉಂಗುರದಿಂದ ಹೊಸ ಹೆಸರು ಬರೆದು. ಮನೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಎಲ್ಲ ಕಡೆ ಅದೇ. ಊರಿಂದ ಮಾವ ಫೋನ್ ಮಾಡಿದಾಗ ಮಾತ್ರ ಹಳೇ ಹೆಸರು. ಆ ಫೋನ್ ಬಂದಾಗ ಅಮ್ಮನ ದನಿ ಬೇರೆಯೇ ಆಗುತ್ತಿತ್ತು. ಚಿಕ್ಕವನಿದ್ದಾಗ ಗಮನಿಸಿದ್ದೆ, ಯಾಕೆ ಅಂತ ಈ ಪುಸ್ತಕ ಎರಡನೇ ಸಲ ಓದಿದಾಗ ತಿಳಿಯಿತು.

ಅರಬಿ ಕಡಲು

'ಅರ್ಥ್‌ಸೀ' ಈಗ ಮೂರೇ ಭಾಗ ಅಲ್ಲ ಸರ್. 1990ರಲ್ಲಿ 'ತೆಹಾನು' ಬಂತು, ಆಮೇಲೆ 2001ರಲ್ಲಿ ಇನ್ನೆರಡು. 'ತೆಹಾನು'ವಿನಲ್ಲಿ ಅದೇ ಟೆನಾರ್ ನಡುವಯಸ್ಸಿನ ವಿಧವೆ. ಅಮ್ಮನ ಬಗ್ಗೆ ಬರೆದಿದ್ದೀರಲ್ಲ, ಅದನ್ನೂ ದಯವಿಟ್ಟು ಓದಿ.

ಕೋಥ್ರೂಡ್ ಓದುಗ

ಜೊನಾಥನ್ ಸ್ಟ್ರೌಡ್ ಅವರ 'ಬಾರ್ಟಿಮಿಯಸ್' ಹೆಸರು ಯಾರೂ ಹೇಳಲಿಲ್ಲ, ಬೇಜಾರಾಯಿತು. 2003ರಿಂದ 2005ರವರೆಗೆ ವರ್ಷಕ್ಕೊಂದರಂತೆ ಮೂರು ಬಂದವು. ಲಂಡನ್ನಿನಲ್ಲಿ ಮಂತ್ರವಾದಿಗಳದ್ದೇ ಸರ್ಕಾರ, ಆದರೆ ಅವರ ಕೈಯಿಂದ ಏನೂ ಆಗುವುದಿಲ್ಲ, ಎಲ್ಲ ಕೆಲಸ ಮಾಡುವುದು ಅವರು ಕಟ್ಟಿಹಾಕಿ ದುಡಿಸುವ ಜಿನ್‌ಗಳು. ಶಾಲೆಯಲ್ಲಿ ಓದುವಾಗ ನಾನು ಪೂರ್ತಿ ಮಂತ್ರವಿದ್ಯೆ ಕಲಿಯುವ ಹುಡುಗ ನತಾನಿಯಲ್ ಕಡೆ. ಜಾಣ ಹುಡುಗ, ಅವಮಾನ ಮಾಡಿದವರಿಗೆ ತಿರುಗಿ ಕೊಡುತ್ತಾನೆ ಅಂತ ಖುಷಿ. ಈಗ ಓದಿದರೆ ಅವನು ಭಾಗ ಭಾಗಕ್ಕೂ ತಾನು ದ್ವೇಷಿಸಿದವರ ಹಾಗೇ ಆಗುತ್ತಾ ಹೋಗುವುದು ಕಣ್ಣಿಗೆ ಹೊಡೆಯುತ್ತದೆ.

ಮತ್ತೆ ಓದಲೇಬೇಕಾದ ಕಾರಣ ಇನ್ನೊಂದು. ಮೊದಲ ಭಾಗದಲ್ಲಿ ಅವನು ಕರೆಸುವ ಜಿನ್ ಬಾರ್ಟಿಮಿಯಸ್ ಬೇಕಾದ ರೂಪ ತಾಳಬಲ್ಲದು, ಆದರೂ ಆಗಾಗ ಒಬ್ಬ ಈಜಿಪ್ಟಿನ ಹುಡುಗನ ರೂಪಕ್ಕೇ ಬರುತ್ತದೆ. ಸುಮ್ನೆ ಒಂದು ರೂಪ ಅಂದುಕೊಂಡು ಮುಂದೆ ಹೋಗಿರುತ್ತೇವೆ. ಆ ಹುಡುಗ ಯಾರು, ಅವನು ಈ ಜಿನ್‌ಗೆ ಏನಾಗಬೇಕು ಅಂತ ಗೊತ್ತಾಗುವುದು ಮೂರನೆಯದರಲ್ಲಿ. ಅದು ತಿಳಿದ ಮೇಲೆ ಮೊದಲ ಭಾಗ ತೆಗೆದರೆ, ಆ ರೂಪ ಬಂದಾಗಲೆಲ್ಲ ಪುಟ ತಿರುಗಿಸಲು ಆಗುವುದಿಲ್ಲ. ಫೋನಿನಲ್ಲಿ ಓದಬೇಡಿ, ಜಿನ್ ಆಡುವ ಮಾತು ಎಷ್ಟೋ ಪುಟದ ಕೆಳಗಿನ ಅಡಿಟಿಪ್ಪಣಿಯಲ್ಲಿದೆ, ಕಣ್ಣು ಕೆಳಗೆ ಹೋಗಿ ಬರಬೇಕು. ಪುಣೆಯವರಾದರೆ ಅಪ್ಪಾ ಬಳವಂತ ಚೌಕದಲ್ಲಿ ಕೇಳಿನೋಡಿ.

ವಾಸ್ಕೋ ಟೀಚರ್

ಡೊಂಬಿವಲಿ ಅವರೇ, ಹುಡುಗಿಗೆ ನಿಮ್ಮ ಪುಲ್‌ಮನ್ ಅನ್ನೇ ಕೊಡಿ. ನಮ್ಮ ತರಗತಿಯ ಮಕ್ಕಳ ಅಪ್ಪ ಅಮ್ಮ ಬಿಜಾಪುರ, ಬಾಗಲಕೋಟೆ, ಗದಗ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದವರು. ಮಳೆ ಜೋರಾಗಿ ಆಟ ಇಲ್ಲದ ದಿನ ಮೊದಲ ಭಾಗವನ್ನು ಕನ್ನಡದಲ್ಲಿ ಕಥೆ ಮಾಡಿ ಹೇಳಿದೆ. ಆ ಲೋಕದಲ್ಲಿ ಪ್ರತಿಯೊಬ್ಬರ ಜೀವವೂ ಒಂದು ಪ್ರಾಣಿಯಾಗಿ ಪಕ್ಕದಲ್ಲೇ ಓಡಾಡಿಕೊಂಡಿರುತ್ತದೆ. ಅದಕ್ಕೆ ನಾನು ಜೊತೆಜೀವ ಅಂದೆ. ಚಿಕ್ಕವರಿದ್ದಾಗ ಅದು ಚಿಟ್ಟೆ, ಇಲಿ, ಬೆಕ್ಕು ಏನು ಬೇಕಾದರೂ ಆಗುತ್ತದೆ, ದೊಡ್ಡವರಾಗುವಾಗ ಒಂದೇ ರೂಪಕ್ಕೆ ನಿಲ್ಲುತ್ತದೆ ಅಂದೆ. ಕ್ಲಾಸು ಸುಮ್ಮನಾಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: "ಎಷ್ಟನೇ ಇಯತ್ತೆಗೆ ಅದು ನಿಲ್ಲತೈತ್ರಿ ಟೀಚರ್?" ಏಳನೆಯದು ಮುಗಿಸಿ ಅಣ್ಣನ ಜೊತೆ ಕೆಲಸಕ್ಕೆ ಹೋಗಬೇಕು ಅಂತ ಮನೆಯಲ್ಲಿ ಮಾತಾಗಿದ್ದ ಹುಡುಗ ಅವನು. ನಾನು ಆ ಪುಸ್ತಕ ಅಷ್ಟು ಸಲ ಓದಿದ್ದೇನೆ, ಆ ಪ್ರಶ್ನೆ ನನಗೆ ಬಂದಿರಲಿಲ್ಲ.

ಎರಡು ಮಾತು. ಮೊದಲ ಭಾಗ 'ನಾರ್ದರ್ನ್ ಲೈಟ್ಸ್' ಅಮೆರಿಕದಲ್ಲಿ 'ದಿ ಗೋಲ್ಡನ್ ಕಂಪಸ್' ಅಂತ ಬಂದಿದೆ, ಹಳೇ ಪುಸ್ತಕ ಕೊಳ್ಳುವಾಗ ಒಂದನ್ನೇ ಎರಡು ಸಲ ತಗೋಬೇಡಿ. ಆಮೇಲೆ ಅದರ ಕೊನೆ ಮಕ್ಕಳಿಗೆ ಕಷ್ಟ. ಅವಳು ಅಲ್ಲಿಗೆ ಬಂದ ದಿನ ಮನೆಯಲ್ಲಿ ಯಾರಾದರೂ ಜೊತೆಗಿರಿ.

ಡೊಂಬಿವಲಿ ಫಾಸ್ಟ್

ಟೀಚರ್, ಆ ಹುಡುಗ ಈಗ ಓದುತ್ತಿದ್ದಾನಾ? ದಯವಿಟ್ಟು ಬರೆಯಿರಿ.

ಅಕ್ಕನ ಮಗಳಿಗೆ ಮೊದಲ ಭಾಗ ನಿನ್ನೆ ಕೊಟ್ಟೆ. ಮೂರನೆಯದರ ಕೊನೇ ಪುಟದವರೆಗೂ ಎಣಿಸಿ ನೋಡಿದ್ದೇನೆ, ಒಂದೂ ಹಾಳೆ ತಪ್ಪಿಲ್ಲ. ಶನಿವಾರ 'ಟೂಂಬ್ಸ್' ಹುಡುಕಲು ಕಿಂಗ್ಸ್ ಸರ್ಕಲ್‌ಗೆ ಹೋಗುತ್ತೇನೆ, ಮಾಟುಂಗಾದವರು ಯಾರಾದರೂ ಬರುವುದಾದರೆ ಸಂಜೆ ಐದಕ್ಕೆ ಅಲ್ಲೇ ಇರುತ್ತೇನೆ.

ವಾಸ್ಕೋ ಟೀಚರ್

ಎಂಟನೆಯದಕ್ಕೆ ಹೆಸರು ಹಚ್ಚಿದ್ದಾರೆ. ಈಗ ಎರಡನೇ ಭಾಗ ಯಾವಾಗ ಹೇಳುತ್ತೀರಿ ಅಂತ ದಿನಾ ಕೇಳುತ್ತಾನೆ.