ಹುಣ್ಣಿಮೆ, ಹೂಮಳೆ ಮತ್ತು 2, 4, 6

ಗುಂಪು: ಮೂಡಿಗೆರೆ ಮನೆ ಬಳಗ

ಮಾವ: (ಫಾರ್ವರ್ಡ್) 'ಹುಣ್ಣಿಮೆ ಕಳೆದು ಮೂರು ದಿನದೊಳಗೆ ಕಾಫಿ ಹೂ ಅರಳಿಸುವ ಹೂಮಳೆ ಗ್ಯಾರಂಟಿ. ಎಲ್ಲ ಬೆಳೆಗಾರರಿಗೂ ಕಳಿಸಿ.'
ನೂರಕ್ಕೆ ನೂರು ನಿಜ. ಈ ವಾರ ಸ್ಪ್ರಿಂಕ್ಲರ್ ಪೈಪು ಎಳೆಸುವುದಿಲ್ಲ, ಕಾಯುತ್ತೇನೆ.

ನಾನು: ಮಾವ, ದಯವಿಟ್ಟು ಇದನ್ನು ನಂಬಿ ಕಾಯಬೇಡಿ. ರೊಬಸ್ಟಾ ಕಾಫಿ ಮೊಗ್ಗು ಬಲಿತು ನಿಂತಿದೆ ಅಂತ ನೀವೇ ಹೇಳಿದ್ದಿರಿ. ನೀರು ತಪ್ಪಿದರೆ ಕರಟಿ ಹೋಗುತ್ತದೆ.

ಮಾವ: ಕಣ್ಣಾರೆ ನೋಡಿದ್ದೇನೆ. ಒಂದು ವರ್ಷ ಹುಣ್ಣಿಮೆ ಮರುದಿನವೇ ಎರಡು ಇಂಚು ಹೊಡೆದಿತ್ತು.

ಚಿಕ್ಕಮ್ಮ: ಹೌದು, ಕಣದಲ್ಲಿ ಹರಡಿದ್ದ ಮೆಣಸೆಲ್ಲ ತೊಯ್ದಿತ್ತು.

ನಾನು: ಮೆಣಸು ತೊಯ್ದಿದ್ದಕ್ಕೇ ಆ ದಿನ ನೆನಪಿದೆ, ಅಲ್ವಾ ಚಿಕ್ಕಮ್ಮ? ಹುಣ್ಣಿಮೆ ಬಂದು ಸುಮ್ನೆ ಬಿಸಿಲು ಕಾದ ವರ್ಷ ಯಾರಿಗೂ ನೆನಪಿರುವುದಿಲ್ಲ.
ಒಂದು ಆಟ ಆಡೋಣ. 2, 4, 6. ಇವು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಹೊಂದುತ್ತವೆ. ಬೇರೆ ಮೂರು ಸಂಖ್ಯೆ ಕಳಿಸಿ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ. ಖಾತ್ರಿಯಾದ ಮೇಲೆ ನಿಯಮ ಹೇಳಿ.

ಮಾವ: 8, 10, 12

ನಾನು: ಹೊಂದುತ್ತದೆ.

ಮಾವ: 50, 52, 54

ನಾನು: ಹೊಂದುತ್ತದೆ.

ಮಾವ: ಎರಡೆರಡು ಕೂಡಿಸುತ್ತಾ ಹೋಗುವುದು. ಇದೇನು ಮಹಾ!

ನಾನು: ಅಲ್ಲ ಮಾವ.

ಅಣ್ಣ: 1, 7, 300?

ನಾನು: ಹೊಂದುತ್ತದೆ!

ಅಣ್ಣ: 6, 4, 2?

ನಾನು: ಇಲ್ಲ.

ಅಣ್ಣ: ಹಾಗಾದ್ರೆ ಏರುತ್ತಾ ಹೋದರೆ ಸಾಕು.

ನಾನು: ಅದೇ! ಇದು ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಪ್ರಯೋಗ. 29 ಜನರಲ್ಲಿ ಒಮ್ಮೆಯೂ ತಪ್ಪದೆ ನಿಯಮ ಹಿಡಿದವರು 6 ಜನ ಮಾತ್ರ. ನಮ್ಮ ಊಹೆಗೆ 'ಹೌದು' ಅನ್ನುವುದನ್ನೇ ಹುಡುಕುವ ಈ ಅಭ್ಯಾಸಕ್ಕೆ ಕನ್‌ಫರ್ಮೇಶನ್ ಬಯಾಸ್ ಅನ್ನುತ್ತಾರೆ. ಅಣ್ಣ ಮಾತ್ರ 'ಇಲ್ಲ' ಅನ್ನಿಸಿಕೊಳ್ಳಲು ತಯಾರಿದ್ದ.
ಮಳೆಗೂ ಹಾಗೇ ಕೇಳಬೇಕು. ಹುಣ್ಣಿಮೆಯಾಗಿಯೂ ಮಳೆ ಬಾರದ್ದು ಎಷ್ಟು ಸಲ? ಹುಣ್ಣಿಮೆಯ ಹತ್ತಿರವೇ ಇಲ್ಲದ ದಿನ ಹೂಮಳೆ ಬಂದದ್ದು ಎಷ್ಟು ಸಲ?

ಮಾವ: ಅಂದರೆ ಹಿರಿಯರಿಗೆ ಬುದ್ಧಿ ಇರಲಿಲ್ಲ ಅಂತೀಯಾ?

ನಾನು: ಖಂಡಿತ ಇಲ್ಲ. ಅಜ್ಜ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಬರೆಯುತ್ತಿದ್ದರು. ಹನಿ ಬೀಳದಿದ್ದರೂ ಪುಸ್ತಕ ಬಿಚ್ಚಿ ಸೊನ್ನೆ ಹಾಕುತ್ತಿದ್ದರು. ಆ ಸೊನ್ನೆಗಳೇ ಈಗ ಬೇಕು ಮಾವ. ಫಾರ್ವರ್ಡ್ ಮಾಡಿದವನು ಅವನ್ನು ನೋಡಿಲ್ಲ.

ಅತ್ತೆ: ಆ ಪುಸ್ತಕ ಅಟ್ಟದ ಟ್ರಂಕಿನಲ್ಲಿದೆ. ಹಳೇ ಪಂಚಾಂಗಗಳೂ ಅದರಲ್ಲೇ ಇವೆ.

ಮಾವ: ಇಳಿಸುತ್ತೇನೆ. ಮಾರ್ಚ್, ಏಪ್ರಿಲ್ ಪುಟಗಳ ಫೋಟೋ ಇಲ್ಲೇ ಹಾಕುತ್ತೇನೆ. ಎಣಿಸುವ ಕೆಲಸ ನಿನ್ನದು.

ಅಣ್ಣ: ಅಲ್ಲಿವರೆಗೆ ಪೈಪು?

ಮಾವ: ಕೆರೆಯಲ್ಲಿ ನೀರಿದೆ. ನಾಳೆ ಬೆಳಿಗ್ಗೆಯೇ ಎಳೆಸುತ್ತೇನೆ.