ಮನೆಯೊಳಗೆ ಹೂವಿನ ಮ್ಯಾಕ್ರೋ: ನೀವು ಏನು ತಗೊಂಡ್ರಿ, ಏನು ಅನುಭವಿಸಿದ್ರಿ?

ಜಲನಗರ, ವಿಜಯಪುರ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ತಮ್ಮ ಕೊಟ್ಟ ಕ್ಯಾನನ್ 700ಡಿ ಕ್ಯಾಮೆರಾ ಇದೆ. ಜೊತೆಗೆ ಎರಡು ಲೆನ್ಸು, 18-55 ಮತ್ತು 50 ಎಂಎಂ ಎಫ್/1.8 ಎಸ್‌ಟಿಎಂ. ಮಾಳಿಗೆ ಮೇಲೆ ಹದಿನೆಂಟು ಕುಂಡ ಇಟ್ಟಿದ್ದೇನೆ. ಸದಾಪುಷ್ಪ, ಅಬ್ಬಲಿಗೆ, ಶಾವಂತಿಗೆ, ಕೆಂಪು ದಾಸವಾಳ. ಮೇಲೆ ಗಾಳಿ ಒಂದು ನಿಮಿಷ ನಿಲ್ಲುವುದಿಲ್ಲ, ಹಾಗಾಗಿ ಕೆಳಗೆ ಪಡಸಾಲೆಗೆ ತಂದು ತೆಗೆಯಬೇಕು ಅಂತಿದ್ದೇನೆ. ದಾಸವಾಳದ ಹಳದಿ ಪರಾಗ ಒಂದೊಂದೇ ಕಾಳಾಗಿ ಕಾಣಬೇಕು, ಅದೇ ನನ್ನ ಆಸೆ. ಕೈಯಲ್ಲಿ 10,000 ಇದೆ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಟ್ಯೂಬ್ ತಗೊಳ್ಳಲಾ, ಇನ್ನೂ ರೊಕ್ಕ ಕೂಡಿಸಿ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸೇ ತಗೊಳ್ಳಲಾ? ತಗೊಂಡವರು ಹೇಳಿ.

ನವನಗರ, ಬಾಗಲಕೋಟೆ

ಅಕ್ಕಾರೇ, ನಾನು ಟ್ಯೂಬಿನವನು. ಆದರೆ ಇಲ್ಲಿಗೆ ಬರುವ ಮೊದಲು ಬಹಳ ರೊಕ್ಕ ಕಳೆದುಕೊಂಡಿದ್ದೇನೆ. 2019ರಲ್ಲಿ 450 ರೂಪಾಯಿಗೆ ಸಿಗುತ್ತದೆ ಅಂತ, ಕ್ಯಾಮೆರಾಕ್ಕೂ ಲೆನ್ಸಿಗೂ ವಿದ್ಯುತ್ ಸಂಪರ್ಕ ಕೊಡುವ ಕಾಂಟ್ಯಾಕ್ಟ್ ಇಲ್ಲದ ಟ್ಯೂಬ್ ತರಿಸಿದೆ. ನಮ್ಮ ಈ ಕ್ಯಾನನ್ ಲೆನ್ಸಿಗೆ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ತಿರುವುವ ರಿಂಗ್ ಇಲ್ಲ, ಎಲ್ಲ ಕ್ಯಾಮೆರಾದಿಂದಲೇ ಆಗಬೇಕು. ಕಾಂಟ್ಯಾಕ್ಟ್ ಇಲ್ಲದಿದ್ದರೆ ಕಿಂಡಿ ಪೂರ್ತಿ ತೆರೆದು ಎಫ್/1.8ರಲ್ಲೇ ಕೂತುಬಿಡುತ್ತದೆ. ಮೂರು ತಿಂಗಳು ತೆಗೆದೆ. ದಾಳಿಂಬೆ ಹೂವಿನ ಒಂದು ಕೇಸರದ ಅರ್ಧ ಮಾತ್ರ ಶಾರ್ಪ್, ಉಳಿದದ್ದೆಲ್ಲ ಹೊಗೆ. ಒಂದೂ ಫೋಟೋ ಇಟ್ಟುಕೊಳ್ಳುವ ಹಾಗಿರಲಿಲ್ಲ.

ಆಮೇಲೆ ಕಾಂಟ್ಯಾಕ್ಟ್ ಇರುವ ಸೆಟ್ಟು, 12, 20, 36 ಎಂಎಂ, 2,600 ಕೊಟ್ಟು ತಂದೆ. ಅದರ ಮೌಂಟು, ಅಂದರೆ ಕ್ಯಾಮೆರಾಕ್ಕೆ ಸೇರುವ ಭಾಗ, ಪ್ಲಾಸ್ಟಿಕ್. ನಾಲ್ಕನೇ ತಿಂಗಳು ಟ್ಯೂಬು ಕ್ಯಾಮೆರಾದಲ್ಲೇ ಸಿಕ್ಕಿಕೊಂಡಿತು. ತಿರುವಿದರೆ ತಿರುಗಲ್ಲ, ಎಳೆದರೆ ಬರಲ್ಲ. ಹುಬ್ಬಳ್ಳಿಗೆ ಹೋದೆ. ಬಿಚ್ಚಿದ್ದಕ್ಕೆ 1,200. ಒಂದೇ ಸಲಕ್ಕೆ ಆಗಲಿಲ್ಲ, ಎರಡು ಸಲ ಬಸ್ಸು, ಎರಡು ದಿನದ ರಜೆ. ಮೂರನೇ ಸಲ ಲೋಹದ ಮೌಂಟಿನ ಸೆಟ್ಟು, 4,900. ಒಟ್ಟು ಲೆಕ್ಕ ಹಾಕಿದರೆ 9,150, ಬಸ್ಸಿನ ಖರ್ಚು ಬಿಟ್ಟು. ಮೊದಲೇ ಒಳ್ಳೆಯದು ತಗೊಂಡಿದ್ದರೆ ಅರ್ಧ ಉಳಿಯುತ್ತಿತ್ತು.

ಈಗ 50ಕ್ಕೆ 36 ಹಾಕುತ್ತೇನೆ. ಹೂವಿನ ಬಿಂಬ ಎಷ್ಟು ದೊಡ್ಡದು ಅನ್ನುವ ಲೆಕ್ಕ: 36ನ್ನು 50ರಿಂದ ಭಾಗಿಸಿ, 0.72. ಲೆನ್ಸಿನ ಸ್ವಂತದ್ದು 0.21. ಕೂಡಿಸಿದರೆ 0.93. ಹೆಚ್ಚು ಕಡಿಮೆ ಒಂದಕ್ಕೊಂದು, ಅಂದರೆ ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಹೂವು ತನ್ನ ಅಳತೆಯಲ್ಲೇ ಬೀಳುತ್ತದೆ. ಇದಕ್ಕಿಂತ ಇನ್ನೇನು ಬೇಕು?

ಟಿಳಕವಾಡಿ, ಬೆಳಗಾವಿ

ಇನ್ನೂ ಬೇಕು ಸರ್. ಜಾಗ ಬೇಕು. ನಿಮ್ಮ 50ಕ್ಕೆ 36 ಹಾಕಿದರೆ ಹೂವು ಲೆನ್ಸಿನ ಮೂತಿಗೇ ತಾಗುವ ಹಾಗೆ ಹತ್ತಿರ ಬರುತ್ತದೆ. ಬೆಳಕು ಎಲ್ಲಿಂದ ಒಳಗೆ ಬರಬೇಕು? ಹೂವಿನ ಮೇಲೆ ಲೆನ್ಸಿನದೇ ನೆರಳು. ನಾನೂ ಎರಡು ವರ್ಷ ಟ್ಯೂಬಲ್ಲಿ ಒದ್ದಾಡಿ, 2021ರಲ್ಲಿ ಪುಣೆಯ ಒಬ್ಬರಿಂದ ಹಳೆಯ ಟ್ಯಾಮ್ರಾನ್ 90 ಎಂಎಂ ತಗೊಂಡೆ. 17,500. ಒಂದಕ್ಕೊಂದರಲ್ಲೂ ಹೂವಿಗೂ ಲೆನ್ಸಿಗೂ ನಡುವೆ ಹತ್ತು ಸೆಂಟಿಮೀಟರಿನಷ್ಟು ಜಾಗ. ಮೊದಲ ದಿನ ತುಂಬೆ ಹೂವು ತೆಗೆದೆ. ಆ ಬಿಳಿ ತುಟಿಯ ಮೇಲಿನ ಸಣ್ಣ ಸಣ್ಣ ರೋಮ ಎಣಿಸುವ ಹಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ನಮ್ಮ ಊರಿನ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಎರಡನೇ ಮಳೆಗಾಲದಲ್ಲಿ ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಫಂಗಸ್. ಬಿಚ್ಚಿ ತೊಳೆದದ್ದಕ್ಕೆ 3,800. ತೊಳೆದವರು ಒಂದು ಗಾಜನ್ನು ಓರೆ ಕೂರಿಸಿದರು. ಎಡಗಡೆ ಮಂಜು, ಬಲಗಡೆ ಶಾರ್ಪ್. ಇನ್ನೊಂದು ಕಡೆ ಕೊಟ್ಟು ಸರಿ ಮಾಡಿಸಿದ್ದಕ್ಕೆ ಮತ್ತೆ 2,500. ಮೂಲೆಯ ಕೋಟಿಂಗ್ ಹೋದದ್ದು ಹೋಗಿಯೇಬಿಟ್ಟಿತು. ಈಗ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವ ತೋರಿಸುವ ಮೀಟರು. ಮುಳ್ಳು 50 ದಾಟಿದರೆ ಎದ್ದು ಜೆಲ್ ಬದಲಿಸುತ್ತೇನೆ. ಇಷ್ಟೆಲ್ಲ ಆದರೂ ಆ ಲೆನ್ಸು ಮಾರುವುದಿಲ್ಲ. ಮ್ಯಾಕ್ರೋ ಲೆನ್ಸಿನಲ್ಲಿ ಒಮ್ಮೆ ನೋಡಿದವರು ಟ್ಯೂಬಿನ ಮಾತು ಆಡುವುದಿಲ್ಲ.

ನವನಗರ, ಬಾಗಲಕೋಟೆ

23,800 ಸುರಿದು ಫಂಗಸ್ ಸಾಕಿದವರು ನನಗೆ ಹೇಳಬೇಡಿ ಸರ್. ನನ್ನ ಟ್ಯೂಬಿನಲ್ಲಿ ಗಾಜೇ ಇಲ್ಲ. ಫಂಗಸ್ ಎಲ್ಲಿ ಬರುತ್ತದೆ?

ಟಿಳಕವಾಡಿ, ಬೆಳಗಾವಿ

ನಿಮ್ಮ 50ರಲ್ಲಿ ಗಾಜಿಲ್ಲವಾ?

ಅಥಣಿ

ಡಬ್ಬಿಯಲ್ಲಿ ಅಕ್ಕಿ ಹಾಕಿಡಿ. ನಮ್ಮ ತಂದೆಯವರು ಮೂವತ್ತು ವರ್ಷ ಹಾಗೇ ಇಟ್ಟರು.

ಟಿಳಕವಾಡಿ, ಬೆಳಗಾವಿ

ದಯವಿಟ್ಟು ಅಕ್ಕಿ ಬೇಡ. ಅಕ್ಕಿಯ ಹಿಟ್ಟು ಫೋಕಸ್ ರಿಂಗಿನೊಳಗೆ ಹೋಗುತ್ತದೆ. ನುಸಿ ಬೇರೆ. ನೀಲಿ ಸಿಲಿಕಾ ಜೆಲ್ ತಗೊಳ್ಳಿ. ತೇವ ಹೀರಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಹೊಳ್ಳಿ ನೀಲಿ ಆಗುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ.

ಅಥಣಿ

ನಮ್ಮ ತಂದೆಯವರ ಲೆನ್ಸು ಇವತ್ತಿಗೂ ಕನ್ನಡಿಯ ಹಾಗಿದೆ. ನಿಮ್ಮದು ಎರಡೇ ವರ್ಷಕ್ಕೆ ಹೋಯಿತು. ಯಾರ ಮಾತು ಕೇಳಬೇಕು ನೀವೇ ಹೇಳಿ.

ಇಳಕಲ್ಲ

ನನ್ನದು 220 ರೂಪಾಯಿಯ ಕಥೆ. 58 ಎಂಎಂ ರಿವರ್ಸ್ ರಿಂಗ್. 18-55 ತಲೆಕೆಳಗು, ಅಂದರೆ ಹಿಂದುಮುಂದು ಮಾಡಿ ಹಾಕುವುದು. 55ರಲ್ಲಿ ಇಟ್ಟರೆ ದೊಡ್ಡ ಹೂವು, 18ರ ಕಡೆ ತಿರುವಿದಷ್ಟೂ ಒಳಗೊಳಗೆ ಹೋಗಬಹುದು. ಶಾವಂತಿಗೆಯ ನಡುವಿನ ಒಂದೊಂದು ಹಳದಿ ಚುಕ್ಕಿಯೂ ಒಂದೊಂದು ಹೂವು ಅಂತ ನನಗೆ ಗೊತ್ತಾದದ್ದೇ ಹೀಗೆ. ಸುತ್ತಲಿನ ಒಂದೊಂದು ಎಸಳೂ ಒಂದು ಹೂವೇ. ನಲವತ್ತು ವರ್ಷ ಆ ಹೂವು ನೋಡಿದ್ದೆ, ಅದೊಂದು ಗೊಂಚಲು ಅಂತ ತಿಳಿದಿರಲಿಲ್ಲ.

ಅಪರ್ಚರ್ ವಿಷಯ ಮೇಲಿನವರು ಪೂರ್ತಿ ಹೇಳಲಿಲ್ಲ. ಲೆನ್ಸು ನೆಟ್ಟಗೆ ಇದ್ದಾಗ, ಕಿಂಡಿಯ ಅಳತೆ ನಾವೇ ಇಡುವ ಎವಿ ಮೋಡಿನಲ್ಲಿ ಎಫ್/8 ಇಡಿ. ಲೆನ್ಸಿನ ಪಕ್ಕದ ಡೆಪ್ತ್ ಆಫ್ ಫೀಲ್ಡ್ ಬಟನ್ ಒತ್ತಿ ಹಿಡಿಯಿರಿ. ಹಿಡಿದುಕೊಂಡೇ ಲೆನ್ಸು ಬಿಚ್ಚಿ. ಎಫ್/8ರಲ್ಲೇ ನಿಂತಿರುತ್ತದೆ. 700ಡಿಯಲ್ಲಿ ಆ ಬಟನ್ ಇದೆ. 450 ರೂಪಾಯಿಯ ಟ್ಯೂಬಿಗೂ ಇದೇ ಉಪಾಯ ನಡೆಯುತ್ತಿತ್ತು, ನವನಗರದ ಸರ್ ಸುಮ್ನೆ ಮೂರು ತಿಂಗಳು ಕಳೆದರು.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ತಲೆಕೆಳಗಾದ ಲೆನ್ಸಿನ ಹಿಂಭಾಗ ಹೂವಿನ ಕಡೆಗೆ ಬರಿಗಾಜು. ದೇವರ ಮನೆಯಲ್ಲೇ ತೆಗೆಯುತ್ತಿದ್ದೆ, ಊದಿನಕಡ್ಡಿಯ ಬೂದಿ ಅದರ ಮೇಲೆ ಬಿತ್ತು. ಧೋತರದ ಅಂಚಿನಿಂದ ಒರೆಸಿದೆ. ಕೂದಲೆಳೆಯಂಥ ಗೀರು. ಅವತ್ತು ಊಟ ಸೇರಲಿಲ್ಲ. ಮೇಲಿಂದ ಮೇಲೆ ಬಿಚ್ಚಿ ಹಾಕಿ ಸೆನ್ಸರ್ ಮೇಲೆ ಧೂಳು, ಎರಡು ಸಲ ಸ್ವಚ್ಛ ಮಾಡಿಸಿದೆ, ಸಲಕ್ಕೆ 1,000. 220 ಹೋಗಿ 2,220 ಆಯಿತು. ಆದರೂ ಇಲ್ಲಿರುವ ಎಲ್ಲರಿಗಿಂತ ನನ್ನದೇ ಕಡಿಮೆ.

ಶಹಾಪುರ, ಬೆಳಗಾವಿ

ನಾನು ಇಪ್ಪತ್ತೆರಡು ವರ್ಷದಿಂದ ಮದುವೆ ಫೋಟೋ ತೆಗೆಯುವವನು. ನೀವೆಲ್ಲ ಲೆನ್ಸು ಲೆನ್ಸು ಅಂತೀರಿ, ಬೆಳಕಿನ ಮಾತು ಯಾರೂ ಎತ್ತಲಿಲ್ಲ. ಮನೆಯೊಳಗೆ ಹೂವು ಕೆಡುವುದೇ ಬೆಳಕಿನಿಂದ. ನಾನು ಹಳೆಯ ಫ್ಲಾಶಿಗೆ ಬಟರ್ ಪೇಪರ್ ಎರಡು ಪದರ ಹಾಕುತ್ತೇನೆ, ಹೂವಿನಿಂದ ಒಂದು ಗೇಣು ದೂರ. ಶಟರ್ 1/200 ಸೆಕೆಂಡು. ಫ್ಲಾಶ್ ಪವರ್ ಕಡಿಮೆ ಇಟ್ಟರೆ ಬೆಳಕು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತು ಹೊಳೆಯುತ್ತದೆ. ಹೂವು ಸ್ವಲ್ಪ ಅಲುಗಿದರೂ ಗೊತ್ತಾಗುವುದಿಲ್ಲ. ಎಫ್/22 ಇಡಿ, ಎಲ್ಲ ಶಾರ್ಪ್ ಬರುತ್ತದೆ. ಒಂದೇ ಕ್ಲಿಕ್ಕು, ಕೆಲಸ ಮುಗಿಯಿತು.

ಮೊದಲು ಎಲ್‌ಇಡಿ ಪ್ಯಾನೆಲ್ ತಂದಿದ್ದೆ, 3,200. ಅದರ ಬೆಳಕಿನಲ್ಲಿ ಅಬ್ಬಲಿಗೆ ಗುಲಾಬಿ ಬಣ್ಣ ಕಾಣುತ್ತಿತ್ತು. ನನ್ನ ತಾಯಿ ನೋಡಿ, ಇದು ಅಬ್ಬಲಿಗೆ ಅಲ್ಲ ಅಂದರು. ಅವರು ದಿನಾ ಮುಡಿಯುವ ಹೂವು. ಆ ಪ್ಯಾನೆಲ್ ಈಗ ಅಟ್ಟದ ಮೇಲಿದೆ.

ಗೋಕಾಕ

ಕಾಕಾರೇ, ನಿಮ್ಮ ಅನುಭವಕ್ಕೆ ಗೌರವ ಇದೆ, ಆದರೆ ಎಫ್/22 ಅಂತ ಹೊಸಬರಿಗೆ ಹೇಳಬೇಡಿ. ಒಂದಕ್ಕೊಂದರಲ್ಲಿ ಎಫ್/22 ಅಂದರೆ ನಿಜವಾಗಿ ಎಫ್/44ರ ಹಾಗೆ ಕೆಲಸ ಮಾಡುತ್ತದೆ. ಕಿಂಡಿ ಅಷ್ಟು ಸಣ್ಣದಾದರೆ ಬೆಳಕು ಅಂಚಿನಲ್ಲಿ ಚದರಿ ಇಡೀ ಫೋಟೋ ಮೆತ್ತಗಾಗುತ್ತದೆ. ಪರಾಗದ ಕಾಳು ಬೇಕು ಅಂತ ಅಕ್ಕಾರು ಕೇಳಿದ್ದಾರೆ. ಎಫ್/8ರಲ್ಲಿ ಶಾರ್ಪ್ ಬರುವುದು ಒಂದು ಮಿಲಿಮೀಟರ್ ಕೂಡ ಇಲ್ಲ. ಹಾಗಾಗಿ ಸ್ಟ್ಯಾಕಿಂಗ್ ಒಂದೇ ದಾರಿ, ಅಂದರೆ ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ಹಲವು ಫೋಟೋ ತೆಗೆದು ಒಂದಾಗಿ ಕೂಡಿಸುವುದು.

ನನ್ನ ಸ್ಟ್ಯಾಕಿಂಗ್ ಕಥೆ ಹೇಳುತ್ತೇನೆ. ಕ್ಯಾಮೆರಾ ಕೂರಿಸಿ ಹಿಂದೆ ಮುಂದೆ ಸರಿಸುವ ರೇಲು 1,400. ಸ್ಕ್ರೂ ಸಡಿಲ, ಮುಂದೆ ತಿರುವಿದರೆ ಮೊದಲು ಹಿಂದೆ ಹೋಗಿ ಆಮೇಲೆ ಮುಂದೆ ಬರುತ್ತಿತ್ತು. ಬಿಸಾಡಿ 6,500ರದ್ದು ತಂದೆ. ಕಳೆದ ಜುಲೈಯಲ್ಲಿ ನಮ್ಮ ಬ್ರಹ್ಮಕಮಲ ಮೊಗ್ಗು ಬಿಟ್ಟಿತು. ನಾಲ್ಕು ವರ್ಷ ಕಾದ ಗಿಡ. ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆ. ಫ್ಯಾನ್ ಬಂದ್, ಕಿಡಕಿ ಬಂದ್, ಮನೆಯವರೆಲ್ಲ ಒಳಗಿನ ಕೋಣೆಯಲ್ಲಿ. 64 ಫ್ರೇಮು. 31ನೇದಕ್ಕೆ ಕರೆಂಟ್ ಹೋಯಿತು. ಹೊಳ್ಳಿ ಮೊದಲಿಂದ. ಹನ್ನೊಂದೂವರೆಗೆ ಮುಗಿಯಿತು. ಕಂಪ್ಯೂಟರಿನಲ್ಲಿ ಫೋಟೋ ಕೂಡಿಸುವ ಸಾಫ್ಟ್‌ವೇರ್ ಆದ ಝೆರೀನ್‌ಗೆ ಹಾಕಿ ಕೂಡಿಸಿದರೆ ಪ್ರತಿ ಎಸಳಿಗೂ ಎರಡೆರಡು ಅಂಚು! ನಾನು ತೆಗೆಯುತ್ತಿದ್ದಷ್ಟು ಹೊತ್ತೂ ಹೂವು ಅರಳುತ್ತಲೇ ಇತ್ತು. ಮೊದಲ ಫ್ರೇಮಿನ ಕೇಸರ ಕೊನೆಯ ಫ್ರೇಮಿನಲ್ಲಿ ಜಾಗ ಬಿಟ್ಟಿತ್ತು. ಬೆಳಗಾಗುವಷ್ಟರಲ್ಲಿ ಹೂವು ಜೋತುಬಿದ್ದಿತ್ತು. ಇನ್ನೊಂದು ವರ್ಷ ಕಾಯಬೇಕು.

ಬಾಗಲಕೋಟೆ, ತೋಟಗಾರಿಕೆ ವಿದ್ಯಾರ್ಥಿ

ಅಣ್ಣಾ, ಒಂದು ತಿದ್ದುಪಡಿ. ಅದು ಬ್ರಹ್ಮಕಮಲ ಅಲ್ಲ. ನಿಜವಾದ ಬ್ರಹ್ಮಕಮಲ ಹಿಮಾಲಯದಲ್ಲಿ ಬೆಳೆಯುತ್ತದೆ, ಉತ್ತರಾಖಂಡದ ರಾಜ್ಯ ಹೂವು. ನಮ್ಮ ಮನೆಗಳಲ್ಲಿ ಇರುವುದು ಮೆಕ್ಸಿಕೋ ಕಡೆಯ ಕಳ್ಳಿ ಜಾತಿ. ಅದರ ಎಲೆ ಅಂತ ನಾವು ಅಂದುಕೊಳ್ಳುವುದೂ ಎಲೆ ಅಲ್ಲ, ಚಪ್ಪಟೆ ಕಾಂಡ.

ಗೋಕಾಕ

ನಮ್ಮ ಅಜ್ಜಿ ಅದಕ್ಕೆ ಆರತಿ ಎತ್ತುತ್ತಿದ್ದಳು. ನಮಗೆ ಅದೇ ಬ್ರಹ್ಮಕಮಲ. ಕಳ್ಳಿ ಅಂತ ಕರೆಯಬೇಡ ತಮ್ಮಾ.

ಬಾಗಲಕೋಟೆ, ತೋಟಗಾರಿಕೆ ವಿದ್ಯಾರ್ಥಿ

ಆರತಿ ಬೇಡ ಅಂತ ನಾನು ಎಲ್ಲಿ ಅಂದೆ? ಹೆಸರು ಸರಿ ಇರಲಿ ಅಂದೆ. ಫೋಟೋ ಕೆಳಗೆ ತಪ್ಪು ಹೆಸರು ಬರೆದರೆ ನೋಡಿದವರೆಲ್ಲ ತಪ್ಪೇ ಕಲಿಯುತ್ತಾರೆ, ಅಲ್ವಾ?

ಅಕ್ಕಾರೇ, ನಿಮಗೆ ಒಂದು ಮಾತು. ಕೆಂಪು ದಾಸವಾಳ ಕ್ಯಾಮೆರಾಕ್ಕೆ ಬಹಳ ಕಷ್ಟ. ಸ್ಕ್ರೀನಿನಲ್ಲಿ ಬೆಳಕು ಸರಿಯಾಗಿದೆ ಅನಿಸುತ್ತದೆ, ಆದರೆ ಕೆಂಪು ಮಾತ್ರ ತುಂಬಿ ಹರಿದಿರುತ್ತದೆ. ಎಸಳಿನ ನರ ಎಲ್ಲ ಮಾಯ, ಕೆಂಪು ಬಣ್ಣ ಬಳಿದ ಕಾಗದದ ಹಾಗೆ. ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕಿನಲ್ಲಿ ತೆಗೆಯಿರಿ, ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲಿನಲ್ಲಿ ತೆಗೆಯಿರಿ. ಕೆಂಪಿನ ಹಿಸ್ಟೋಗ್ರಾಮ್, ಅಂದರೆ ಬೆಳಕಿನ ಹಂಚಿಕೆಯ ನಕ್ಷೆ, ಬೇರೆಯಾಗಿ ನೋಡಿ. ಇದು ತಿಳಿಯುವ ಮೊದಲು ನಾನು ಒಂದು ಇಡೀ ಬೇಸಿಗೆಯ ಫೋಟೋ ಅಳಿಸಿದ್ದೇನೆ.

ಶಹಾಪುರ, ಬೆಳಗಾವಿ

ಗೋಕಾಕದ ತಮ್ಮಾ, ನನ್ನ ಎಫ್/22ರ ಫೋಟೋ ಫ್ರೇಮು ಹಾಕಿಸಿ ಜನ ಮನೆಯಲ್ಲಿ ತೂಗುಹಾಕಿದ್ದಾರೆ. 64 ಫೋಟೋ ಕೂಡಿಸಿ ಒಂದು ಮಾಡುವುದು ಫೋಟೋನಾ? ಆ ಹೂವನ್ನು ಯಾರಾದರೂ ಹಾಗೆ ಕಣ್ಣಿಂದ ನೋಡಿದ್ದಾರಾ?

ಗೋಕಾಕ

ಕಣ್ಣು ಕೂಡ ಒಂದೊಂದು ಕಡೆ ನೋಡಿಯೇ ಮನಸ್ಸಿನಲ್ಲಿ ಕೂಡಿಸುತ್ತದೆ ಕಾಕಾರೇ. ನಿಮ್ಮ ಫ್ರೇಮನ್ನು ಹತ್ತಿರ ಹೋಗಿ ನೋಡಿ, ಪರಾಗ ಎಲ್ಲ ಹಿಟ್ಟಿನ ಹಾಗೆ ಕಾಣುತ್ತದೆ.

ಮುಧೋಳ

ನಾನು ಮೊಬೈಲಿನಲ್ಲೇ ತೆಗೆಯುತ್ತೇನೆ. 350ರ ಕ್ಲಿಪ್ ಲೆನ್ಸು. ಕಿಡಕಿಗೆ ಬಿಳಿ ಪಂಚೆ ಕಟ್ಟಿದರೆ ಮುಗಿಯಿತು. ನಿಮ್ಮ ಜಗಳ ಓದಿದರೆ ಹೊಸಬರು ಹೆದರಿ ಓಡುತ್ತಾರೆ.

ಜಮಖಂಡಿ

ಹೂವು ಕೊಯ್ದು ತೆಗೆಯುತ್ತೀರಾ, ಗಿಡದಲ್ಲೇ ಬಿಟ್ಟಾ? ನಾನು ಕೊಯ್ಯುವುದಿಲ್ಲ. ಕುಂಡ ಒಳಗೆ ತಂದು, ತೊಟ್ಟಿಗೆ ಒಂದು ಕಡ್ಡಿ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಹಿಡಿಸುತ್ತೇನೆ. ಕೊಯ್ದ ಮಲ್ಲಿಗೆ ಲೈಟಿನ ಕೆಳಗೆ ಅರ್ಧ ಗಂಟೆಗೆ ಬಾಡಿತು, ಅದನ್ನು ನೋಡಿ ನನಗೇ ಸಂಕಟ ಆಯಿತು. ಇಳಕಲ್ಲದವರು ದೇವರ ಮನೆಯಲ್ಲಿ ತೆಗೆಯುತ್ತೇನೆ ಅಂದರು. ಪೂಜೆಗೆ ತಂದ ಹೂವನ್ನು ಮೊದಲು ಲೆನ್ಸಿಗೆ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಇಳಕಲ್ಲ

ನಾನು ಏರಿಸಿದ ಮೇಲೆ ತೆಗೆಯುತ್ತೇನೆ. ಮೂಸಿಲ್ಲ, ಮುಟ್ಟಿಲ್ಲ. ನನ್ನ ಭಕ್ತಿಯ ಲೆಕ್ಕ ನಿಮಗೆ ಯಾಕೆ?

ಜಲನಗರ, ವಿಜಯಪುರ (ಕೇಳಿದವರು)

ಎಲ್ಲರೂ ಇಷ್ಟು ಬರೆದಿರಿ, ತುಂಬಾ ಉಪಕಾರ. ದಯವಿಟ್ಟು ಜಗಳ ಬೇಡ. ಇನ್ನೂ ಏನೂ ತಗೊಂಡಿಲ್ಲ. ಇಳಕಲ್ಲದ ಅಣ್ಣಾರು ಹೇಳಿದ ಬಟನ್ ಒತ್ತಿ 50ನ್ನು ಎಫ್/8ರಲ್ಲಿ ಬಿಚ್ಚಿ, ತಿರುಗಿಸಿ, ರಿಂಗ್ ಇಲ್ಲದೆ ಕೈಯಲ್ಲೇ ಹಿಡಿದೆ. ಫ್ಯಾನ್ ಬಂದ್ ಮಾಡಿದ್ದಕ್ಕೆ ಮನೆಯವರು ಹೊರಗೆ ಕಟ್ಟೆಗೆ ಹೋಗಿ ಕೂತರು, ಇಲ್ಲಿನ ಸೆಕೆ ನಿಮಗೆ ಗೊತ್ತೇ ಇದೆ. ಸುಮಾರು ನಲವತ್ತು ತೆಗೆದೆ. ಒಂದರಲ್ಲಿ ಪರಾಗ ಕಾಳು ಕಾಳಾಗಿ ಬಂತು! ಮೂರೋ ನಾಲ್ಕೋ ಕಾಳು ಅಷ್ಟೇ, ಆದರೆ ಬಂತು. ಅವ್ವನಿಗೆ ತೋರಿಸಿದೆ. ರವೆಯ ಹಾಗಿದೆ ಅಂದಳು.

ಒಂದೇ ಸಂಶಯ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ. ಸೆಟ್ಟಿಂಗ್ ಏನೂ ಬದಲಿಸಿಲ್ಲ. ಶಟರ್ 1/400 ಇತ್ತು.

ಶಹಾಪುರ, ಬೆಳಗಾವಿ

ನಮ್ಮ ಕರೆಂಟ್ 50 ಹರ್ಟ್ಸ್ ತಂಗಿ. ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. 1/400 ಇಟ್ಟರೆ ಒಮ್ಮೆ ಏರಿದ್ದು ಸಿಗುತ್ತದೆ, ಒಮ್ಮೆ ಇಳಿದದ್ದು. 1/100 ಅಥವಾ 1/50 ಇಡು.

ಗೋಕಾಕ

ಕಾಕಾರು ಹೇಳಿದ್ದು ಸರಿ. ಆದರೆ 1/50ಕ್ಕೆ ಕೈ ನಡುಗುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಒಂದು ಸಣ್ಣ ಬಟ್ಟೆ ಚೀಲದಲ್ಲಿ ಮುಕ್ಕಾಲು ಭಾಗ ಜೋಳ ತುಂಬಿ ಬಾಯಿ ಹೊಲಿಯಿರಿ. ಕ್ಯಾಮೆರಾ ಅದರ ಮೇಲೆ ಒತ್ತಿ ಕೂರಿಸಿ, ಅಲುಗುವುದಿಲ್ಲ.

ನವನಗರ, ಬಾಗಲಕೋಟೆ

ಟ್ಯೂಬ್ ತಗೊಳ್ಳುವುದಾದರೆ ಲೋಹದ ಮೌಂಟು ನೋಡಿಯೇ ತಗೊಳ್ಳಿ ಅಕ್ಕಾರೇ.

ಜಲನಗರ, ವಿಜಯಪುರ (ಕೇಳಿದವರು)

ಇವತ್ತಿನ ದಾಸವಾಳ ಸಂಜೆಗೇ ಮುದುಡಿತು. ನಾಳೆಗೆ ಎರಡು ಮೊಗ್ಗು ಇವೆ. ಚೀಲ ಹೊಲಿಯುತ್ತಾ ಕೂತಿದ್ದೇನೆ.