ಮೈನರ್ ಕೌಂಟಿ ಕೀಪರ್‌ಗಳ ಕ್ರಿಕೆಟ್ ಜೀವನ ಹೇಗಿರುತ್ತಿತ್ತು?

ಬಸವನಗುಡಿ_ಕೀಪರ್:
ಇಲ್ಲಿ ಬೆಂಗಳೂರಲ್ಲಿ ಲೀಗ್ ಆಡ್ತೀನಿ, ಕೀಪಿಂಗ್ ನನ್ನದು. ಜೆಫ್ ಮಿಲ್ಮನ್ ಬಗ್ಗೆ ಓದ್ತಾ ಇದ್ದೆ. ಬೆಡ್‌ಫರ್ಡ್‌ಶೈರ್ ಅನ್ನೋ ಮೈನರ್ ಕೌಂಟಿಯಿಂದ (ಇಂಗ್ಲೆಂಡಿನ ಕೆಳದರ್ಜೆಯ ಜಿಲ್ಲಾ ತಂಡ) ಬಂದು ಇಂಗ್ಲೆಂಡಿಗೆ 6 ಟೆಸ್ಟ್ ಆಡಿದವರು. ಆ ಮಟ್ಟದಲ್ಲಿ ಆಡೋ ಕೀಪರ್ ಮೇಲೆ ಹೋಗೋದು ಸಾಧ್ಯವೇ ಇತ್ತಾ, ಅಥವಾ ಇವರೊಬ್ಬರಿಗೆ ಅದೃಷ್ಟ ಒಲಿಯಿತಾ?

ಜಯನಗರ_4ನೇ_ಬ್ಲಾಕ್:
ಸಾಧ್ಯ ಇತ್ತು, ಆದರೆ ದಾರಿ ಕಿರಿದು. ಫಸ್ಟ್ ಕ್ಲಾಸ್, ಅಂದರೆ ಮೇಲಿನ ದರ್ಜೆ ಇಲ್ಲದ ಕೌಂಟಿಗಳು ಸೇರಿ 1895ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡವು. ಮಿಲ್ಮನ್ ಕಾಲದಲ್ಲಿ ಎರಡು ದಿನದ ಪಂದ್ಯ. ಹೆಚ್ಚಿನವರು ಬೇರೆ ಕೆಲಸದಲ್ಲಿದ್ದು, ರಜೆ ಹಾಕಿ ಆಡುತ್ತಿದ್ದರು. ದೊಡ್ಡ ಕೌಂಟಿಗಳ ಕಣ್ಣಿಗೆ ಬೀಳೋ ಅವಕಾಶ ಜಿಲೆಟ್ ಕಪ್ ಅನ್ನೋ ಒಂದು ದಿನದ ನಾಕೌಟ್ ಟೂರ್ನಿಯಿಂದ ಜಾಸ್ತಿ ಆಯ್ತು, 1964ರಿಂದ ಮೈನರ್ ಕೌಂಟಿಗಳನ್ನೂ ಅದಕ್ಕೆ ಸೇರಿಸಿಕೊಂಡರು. 1973ರಲ್ಲಿ ಮೈನರ್ ಕೌಂಟಿ ಡರ್ಹಮ್ ಹೋಗಿ ದೊಡ್ಡ ಕೌಂಟಿ ಯಾರ್ಕ್‌ಶೈರನ್ನೇ ಸೋಲಿಸಿತು! ಅದೇ ಡರ್ಹಮ್ 1992ರಲ್ಲಿ ಫಸ್ಟ್ ಕ್ಲಾಸ್ ಆಯ್ತು. ಮಿಲ್ಮನ್‌ಗೆ ಆ ಕಪ್ ನೆರವಿಗೆ ಬರಲಿಲ್ಲ, ಅವರು ಅದಕ್ಕೂ ಮುಂಚೆ 1957ರಲ್ಲೇ ಫಸ್ಟ್ ಕ್ಲಾಸ್ ಕೌಂಟಿ ನಾಟಿಂಗ್‌ಹ್ಯಾಮ್‌ಶೈರ್ ಸೇರಿದ್ದರು. ಮುಂದೆ ಅಲ್ಲಿ ಕ್ಯಾಪ್ಟನ್ ಕೂಡ ಆದರು. ನಂತರ ಮತ್ತೆ ಬೆಡ್‌ಫರ್ಡ್‌ಶೈರಿಗೆ ಬಂದು ಆಡಿದರು. ನನಗೆ ಅವರ ಬಗ್ಗೆ ಗೌರವ ಹೆಚ್ಚಾಗಿದ್ದೇ ಇದರಿಂದ.

ಹಳೇ_ಗ್ಲೌಸ್:
ಅದೃಷ್ಟಕ್ಕಿಂತ ಖಾಲಿ ಜಾಗದ ಪ್ರಶ್ನೆ ಇದು. ಬೌಲರ್ ಆದರೆ ತಂಡದಲ್ಲಿ ನಾಲ್ಕೈದು ಜನಕ್ಕೆ ಜಾಗ ಇರುತ್ತೆ, ಕೀಪರ್ ಒಬ್ಬನೇ ಅಲ್ವಾ? ನಮ್ಮ ಕಿರ್ಮಾನಿಯವರನ್ನೇ ನೋಡಿ. 1971ರಲ್ಲೇ ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿದ್ದರು, ಆದರೆ ಕೀಪರ್ ಜಾಗದಲ್ಲಿ ಫಾರೂಖ್ ಎಂಜಿನಿಯರ್ ಇದ್ದಿದ್ದರಿಂದ ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ. ಆಮೇಲೆ 88 ಟೆಸ್ಟ್ ಆಡಿದರು! ಅಷ್ಟು ದೊಡ್ಡ ಕೈಚಳಕದವರೇ ಅಷ್ಟು ವರ್ಷ ಕಾಯಬೇಕಾಯ್ತು ಅಂದರೆ, ಮೈನರ್ ಕೌಂಟಿಯಲ್ಲಿ ಎಷ್ಟು ಜನ ಒಳ್ಳೆ ಕೀಪರ್‌ಗಳು ಯಾರ ಕಣ್ಣಿಗೂ ಬೀಳದೆ ಆಟ ಮುಗಿಸಿರಬೇಕು ಯೋಚಿಸಿ.

ಬಸವನಗುಡಿ_ಕೀಪರ್:
ಇದು ನನ್ನ ಮಟ್ಟಕ್ಕೂ ನಿಜ ಸರ್. ನಮ್ಮ ಕ್ಲಬ್‌ನಲ್ಲೂ ಒಬ್ಬರು ಹಿರಿಯರು ಇದ್ದಾರೆ, ಅವರು ಕೂತರೇ ನನಗೆ ಆಟ. ಕಾಯೋವಾಗ ಏನು ಮಾಡಬೇಕು?

ಹಳೇ_ಗ್ಲೌಸ್:
ಸ್ಟಂಪ್ ಹತ್ತಿರ ನಿಲ್ಲೋದನ್ನ ಬಿಡದೆ ಅಭ್ಯಾಸ ಮಾಡಿ, ಮೀಡಿಯಂ ಪೇಸರ್‌ಗಳಿಗೂ. ಹಿಂದೆ ನಿಂತು ಹಿಡಿಯೋದು ಎಲ್ಲರಿಗೂ ಬರುತ್ತೆ, ಆಯ್ಕೆ ಮಾಡೋರು ನೋಡೋದು ಹತ್ತಿರ ನಿಂತಾಗ ಕೈ ಹೇಗಿದೆ ಅಂತ. ಪಿಚ್‌ಗೆ ಹಾಸಿದ ಮ್ಯಾಟ್ ಮೇಲೆ ಆಡೋದಾದರೆ ಚೆಂಡು ಪುಟಿದು ಎದೆಗೆ ಬರುತ್ತೆ, ಅದಕ್ಕೇ ಬೇಗ ಎದ್ದೇಳಬೇಡಿ, ಚೆಂಡಿನ ಜೊತೆಗೇ ಏಳಿ. ಇನ್ನರ್ಸ್ (ಗ್ಲೌಸ್ ಒಳಗೆ ಹಾಕೋ ತೆಳು ಗ್ಲೌಸ್) ಎರಡು ಜೊತೆ ಇಟ್ಟುಕೊಳ್ಳಿ, ಬೆವರಿಗೆ ಒದ್ದೆ ಆದದ್ದು ಹಾಕಿಕೊಂಡರೆ ಒಳಗೆ ಬೆರಳು ಜಾರುತ್ತೆ. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಹೇಳಿ, ನೆಟ್ಸ್‌ಗೆ ನಾನೂ ಬರ್ತೀನಿ.